ಹರಿಹರದಿಂದ ಬಂದ ಹೂಂ

ಮೊನ್ನೆ ಪಕ್ಕದ ಬೀದಿಯವರೊಬ್ಬರು ಮಗಳ ನಿಶ್ಚಿತಾರ್ಥದ ವಿಷಯ ಮಾತಾಡೋಕೆ ಅಂಗಡಿಗೆ ಬಂದಿದ್ದರು. "ಈ ಸಲ ಹೈಬ್ರಿಡ್ ಮಾಡ್ತಾ ಇದೀವ್ರಿ" ಅಂದರು. ನಮ್ಮ ಕಡೆ ಹೈಬ್ರಿಡ್ ಅಂದರೆ ಜೋಳ, ಹತ್ತಿ, ಬಹಳ ಆದರೆ ಟೊಮೇಟೊ. ಎಕರೆಗೆ ಎಷ್ಟು ಬೀಜ ಹಿಡೀತೈತೆ ಅಂತ ಕೇಳಬೇಕು ಅನ್ನಿಸಿತು. ಆಮೇಲೆ ಬಿಡಿಸಿ ಹೇಳಿದರು: ಅರ್ಧ ಜನ ಮಂಟಪದಲ್ಲಿ, ಇನ್ನರ್ಧ ಜನ ಅವರವರ ಮನೆಯಲ್ಲಿ ಕೂತು ಫೋನಿನಲ್ಲಿ ನೋಡೋದು. ಹೇಳುವಾಗ ಅವರ ಮುಖ ನೋಡಬೇಕಿತ್ತು, ವಿದ್ಯುತ್ತು ಕಂಡುಹಿಡಿದವರ ಹಾಗೆ ಇತ್ತು. ನಾನು ಅದನ್ನು ದಾವಣಗೆರೆ ಜಿಲ್ಲೆ ಆದ ಮರುವರ್ಷ, ತೊಂಬತ್ತೆಂಟರಲ್ಲೇ ಮಾಡಿ, ಕೆಡಿಸಿ, ಕೈ ತೊಳೆದುಕೊಂಡವನು. ಪಾಪ, ಅವರಿಗೆ ಗೊತ್ತಿಲ್ಲ.

ನಿಟ್ಟುವಳ್ಳಿಯಲ್ಲಿ ನನ್ನದು ಶಾಮಿಯಾನ, ಕುರ್ಚಿ, ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿ. ಮೊದಲು ಬೇರೆಯವರ ಕೈಕೆಳಗೆ ಕಂಬ ಹತ್ತಿ ಹಾರ್ನ್ ಕಟ್ಟುತ್ತಿದ್ದೆ. ಮೈಕ್ ಕೂಗಿದರೆ ಬೈಗುಳ ಕಂಬದ ಮೇಲಿದ್ದವನಿಗೆ, ಚೆನ್ನಾಗಿ ಕೇಳಿಸಿದರೆ ಶಾಲು ಕೆಳಗಿದ್ದ ಮಾಲೀಕನಿಗೆ. ನಾಲ್ಕು ವರ್ಷ ಇದನ್ನು ಮೇಲಿನಿಂದ ನೋಡಿ ಕೆಳಗಿಳಿದು ಸ್ವಂತ ಮಾಡಿದೆ.

ಸಂಗತಿ ಇಷ್ಟು. ನಮ್ಮ ಬೀದಿಯಲ್ಲೇ ಕಿರಾಣಿ ಅಂಗಡಿ ಇಟ್ಟುಕೊಂಡವರೊಬ್ಬರ ಮಗಳಿಗೆ ಹರಿಹರದ ಕಾಳು ವ್ಯಾಪಾರಿಗಳ ಮನೆಯ ಹುಡುಗ ಗೊತ್ತಾಗಿದ್ದ. ನಿಶ್ಚಿತಾರ್ಥಕ್ಕೆ ದಾವಣಗೆರೆಯಲ್ಲಿ ಮಂಟಪ ಹಿಡಿದಾಗಿತ್ತು. ಇನ್ನೊಂದು ವಾರ ಇದೆ ಅನ್ನುವಾಗ ಹುಡುಗನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಲ್ಲಾಡಿಸುವ ಹಾಗಿಲ್ಲ ಅಂದರು ಡಾಕ್ಟರು. ಮುಂದೂಡೋಣ ಅಂದರೆ ಆಷಾಢ ಬಾಗಿಲಿಗೇ ಬಂದು ನಿಂತಿತ್ತು. ಹರಿಹರದಲ್ಲೇ ಮಾಡೋಣ ಅಂದರೆ ಹುಡುಗಿಯ ತಂದೆ, "ಹೆಣ್ಣು ಕೊಡೋರು ನಾವು, ನಮ್ಮ ಬಾಗಿಲಿಗೆ ಅವರು ಬರ್ಬೇಕು" ಅಂತ ಕೂತರು. ಅಜ್ಜಿಯನ್ನು ಬಿಟ್ಟು ಮಾಡೋಣ ಅಂದರೆ ಹರಿಹರದ ಹಿರೀಕರು, "ಅಜ್ಜಿ ಎಲ್ಲಿ ಅದಾರೋ ನಾವೂ ಅಲ್ಲೇ" ಅಂತ ಕೂತರು. ಎರಡು ಊರಿನ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆ ದಾರಿಗೆ ಎರಡು ಮನೆತನದ ಮರ್ಯಾದೆ ಅಡ್ಡ ಮಲಗಿತ್ತು.

"ಎರಡೂ ಕಡೆ ಮಾಡ್ರಿ. ಮಧ್ಯ ಫೋನ್ ಹಾಕ್ತೀನಿ" ಅಂದೆ ನಾನು.

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಎರಡು ಕಡೆ ಅಂದರೆ ಎರಡು ಶಾಮಿಯಾನ, ಎರಡು ಸೆಟ್.

"ಫಂಕ್ಷನ್ ಒಂದೇ ಅಲ್ಲೇನ್ರಿ, ಬಾಡಿಗೆ ಎರಡು ಯಾಕ?" ಅಂದರು ಹುಡುಗಿಯ ತಂದೆ.

"ಮದುವೆ ಒಂದೇ ಆದ್ರೂ ಹಾರ ಎರಡು ತರ್ತೀರಲ್ರಿ" ಅಂದೆ.

ತಲೆ ಕೆರೆದುಕೊಂಡು ಒಪ್ಪಿದರು. ದುಬೈಯಿಂದ ಬಂದಿದ್ದ ಪರಿಚಯದವರೊಬ್ಬರ ಹತ್ತಿರ ರಿಸೀವರ್ ಎತ್ತದೆ ಮಾತಾಡುವ ಸ್ಪೀಕರ್ ಫೋನುಗಳು ಎರಡಿದ್ದವು. ಅವನ್ನು ಪುಸಲಾಯಿಸಿ ತಂದೆ. ಒಂದನ್ನು ಮಂಟಪದ ಮ್ಯಾನೇಜರ್ ಕೋಣೆಯ ಲೈನಿಗೆ ಹಾಕಿ, ಉದ್ದ ವೈರು ಎಳೆದು ಸ್ಟೇಜಿನ ಮೇಲೆ ಇಡೋದು, ಅದರ ಮುಂದೆ ನಮ್ಮ ಮೈಕ್ ಹಿಡಿಯೋದು. ಇನ್ನೊಂದನ್ನು ಹರಿಹರದ ಮನೆಯ ಪಡಸಾಲೆಯಲ್ಲಿ, ಅಜ್ಜಿಯ ಮಂಚದ ಪಕ್ಕ ಇಡೋದು.

ಸುದ್ದಿ ಕೇಳಿ ಮಾರನೇ ದಿನ ಹುಡುಗಿಯೇ ಅಂಗಡಿಗೆ ಬಂದಳು. ಟಿ.ಸಿ.ಎಚ್. ಮುಗಿಸಿದವಳು. ಹರಿಹರ ತಾಲ್ಲೂಕಿನ ಸಾರಥಿಯಲ್ಲಿ ಸರ್ಕಾರಿ ಶಾಲೆಗೆ ಟೀಚರಾಗಿ ಆಗಷ್ಟೇ ಆದೇಶ ಬಂದಿತ್ತು. ಹುಡುಗನ ಅಡ್ಡಿ ಇಲ್ಲ. ಆದರೆ ಆ ಮನೆಯ ಸೊಸೆಯರು ಯಾರೂ ಇದುವರೆಗೆ ಸಂಬಳದ ಕೆಲಸಕ್ಕೆ ಹೊಸಿಲು ದಾಟಿದವರಲ್ಲ. ಅಜ್ಜಿ ಹೂಂ ಅಂದರೆ ಆಯಿತು ಅಂತ ಎಲ್ಲರೂ ಹೇಳುವವರೇ, ಅಜ್ಜಿಯನ್ನು ಕೇಳುವ ಗಂಡಸು ಮಾತ್ರ ಆ ಮನೆಯಲ್ಲಿ ಹುಟ್ಟಿರಲಿಲ್ಲ. ಅದಕ್ಕೇ ಹುಡುಗಿ ಹಟ ಹಿಡಿದಿದ್ದಳು: ಎಲೆ ಅಡಿಕೆ ಬದಲಾಯಿಸುವ ಮುಂಚೆ, ಎಲ್ಲರ ಎದುರು, ಶಾಸ್ತ್ರ ಮಾಡಿಸುವ ಐನೋರೇ ಈ ಪ್ರಶ್ನೆ ಕೇಳಬೇಕು.

"ಅಣ್ಣಾ, ಅಜ್ಜಿ ಮಾತು ಸರಿಯಾಗಿ ಕೇಳಿಸ್ಬೇಕು" ಅಂದಳು.

"ಕೇಳಿಸ್ತೈತೆ ಬಿಡವ್ವ. ಮುನ್ನೂರು ಜನಕ್ಕೂ ಕೇಳಿಸ್ತೀನಿ."

"ಹೂಂ ಅಂದ್ರೂ ಸರಿ, ಊಹೂಂ ಅಂದ್ರೂ ಸರಿ. ಊಹೂಂ ಅಂದ್ರೆ ನಾನು ಎಲೆ ಅಡಿಕೆ ಮುಟ್ಟಲ್ಲ. ಅಪ್ಪಂಗೂ ಹೇಳೀನಿ."

"ನಾನು ಗ್ಯಾರಂಟಿ" ಅಂದೆ. ಮೈಕ್‌ಸೆಟ್ ವ್ಯಾಪಾರದಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಯಾರೂ ಅದನ್ನು ನಂಬಿಕೊಂಡು ಮನೆಗೆ ಹೋಗುವುದಿಲ್ಲ. ಆ ಹುಡುಗಿ ನಂಬಿಕೊಂಡು ಹೋದಳು.

ಎರಡು ಕಡೆ ಕಾರ್ಯಕ್ರಮ ಮಾಡುವವರಿಗೆ ನನ್ನ ಮೊದಲ ಬುದ್ಧಿವಾದ, ತಾಲೀಮು ಮಾಡಿ. ನಾವು ಮಾಡಿದೆವು. ನಾನು ಹರಿಹರದಲ್ಲಿ, ಹೆಂಡತಿಯ ತಮ್ಮ ಮಂಟಪದಲ್ಲಿ. ಅವನ ಪಕ್ಕ ಹುಡುಗಿಯ ತಂದೆಯೂ ನಿಂತಿದ್ದರು. ನಾನು ಈ ಕಡೆಯಿಂದ ಬಹಳ ವಿನಯದಿಂದ "ಹಲೋ" ಅಂದೆ. ಅಲ್ಲಿಂದ ಸಿಟ್ಟಿನ ದನಿ ಬಂತು:

"ಯಾವನ್ರಿ ಅವನು ನನಗೆ ಲೋ ಅನ್ನೋನು?"

"ಹಲೋ ಅಂದೆ ರೀ ನಾನು."

"ಮತ್ತೆ ಲೋ ಅಂತಾನೆ ನೋಡು! ಗಂಡಿನ ಕಡೆಯೋರು ಈಗ್ಲೇ ಲೋ ಅಂದ್ರೆ ನಾಳೆ ಏನಂತಾರೆ?"

ಅವರನ್ನು ಸಮಾಧಾನ ಮಾಡಿದ ಮೇಲೆ ಕಾರಣ ಹುಡುಕಿದೆ. ಆ ಡಬ್ಬಿಗೆ ಒಂದು ಗುಣ. ಎರಡು ಕಡೆಯ ಮಾತನ್ನು ಒಟ್ಟಿಗೆ ಬಿಡುವುದಿಲ್ಲ. ಈ ಕಡೆ ಸದ್ದಾದರೆ ಆ ಕಡೆಯ ಬಾಗಿಲು ಮುಚ್ಚುತ್ತದೆ, ಆ ಕಡೆ ಯಾರಾದರೂ ಬಾಯಿ ತೆರೆದರೆ ಇದು ಎಚ್ಚರವಾಗಿ ಬಾಗಿಲು ತೆಗೆಯುತ್ತದೆ. ತೆಗೆಯುವಷ್ಟರಲ್ಲಿ ಮೊದಲ ಅಕ್ಷರ ಹೊರಗೇ ಉಳಿದಿರುತ್ತದೆ. ಹಲೋ ಹೋಗಿ ಲೋ, ನಮಸ್ಕಾರ ಹೋಗಿ ಮಸ್ಕಾರ. ಉಪಾಯ ಸುಲಭ: ಮೊದಲು ಒಂದು ಸಲ ಕೆಮ್ಮಿ, ಆಮೇಲೆ ಮಾತಾಡಬೇಕು. ಕೆಮ್ಮಿಗೆ ಬಾಗಿಲು ತೆರೆಯುತ್ತದೆ, ಮಾತು ಇಡಿಯಾಗಿ ಒಳಗೆ ಹೋಗುತ್ತದೆ. ಎಲ್ಲರಿಗೂ ಇದನ್ನು ಕಲಿಸಿದೆ. ಸೋದರಮಾವಂದಿರು, ಐನೋರು, ಓಲಗದವರ ಮುಖ್ಯಸ್ಥ, ಎಲ್ಲರೂ ಕೆಮ್ಮಿ ಮಾತಾಡಿದರು. ಕ್ಷಯದ ಆಸ್ಪತ್ರೆಯಲ್ಲಿ ನಿಶ್ಚಿತಾರ್ಥ ನಡೆದ ಹಾಗೆ ಇತ್ತು, ಆದರೆ ಕೆಲಸ ಆಯಿತು. ಅಜ್ಜಿಗೆ ಮಾತ್ರ ಹೇಳಲಿಲ್ಲ. ಸೊಂಟ ಮುರಿದು ಮಲಗಿದ ಹಿರಿಯರಿಗೆ "ಕೆಮ್ಮಿ ಅಜ್ಜಿ" ಅಂತ ಹೇಳೋದು ಹೆಂಗೆ?

ಆ ದಿನ ನಾನು ಹರಿಹರದ ಕಡೆ ನಿಂತೆ. ಇದು ಎರಡನೇ ಬುದ್ಧಿವಾದ: ನಿಮ್ಮಲ್ಲಿ ಚಾಲಾಕು ಇರುವವನನ್ನು ದೂರದ ಕಡೆ ನಿಲ್ಲಿಸಿ. ಸ್ಟೇಜ್ ಇರುವ ಕಡೆ ಹೂವು, ಓಲಗ, ಸೀರೆ ಎಲ್ಲ ಇರುತ್ತವೆ, ಜನ ತಾವೇ ಖುಷಿಯಾಗಿರುತ್ತಾರೆ. ದೂರದವರ ಪಾಲಿಗೆ ಇರುವುದು ಒಂದು ಡಬ್ಬಿ. ಅದನ್ನು ಎಷ್ಟು ಹೊತ್ತು ಅಂತ ನೋಡ್ತಾರೆ?

ಹುಡುಗ, ಮನೆಯ ಕಿರಿಯರು ಮಂಟಪಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ನಲವತ್ತು ಜನ ಹಿರೀಕರು, ಹೆಂಗಸರು, ಜರಿ ಪೇಟ, ರೇಷ್ಮೆ ಸೀರೆಗಳಲ್ಲಿ ಡಬ್ಬಿಯ ಎದುರು ಕೂತಿದ್ದರು. ಅಜ್ಜಿಯ ಹಣೆಗೆ ಮೂರು ಬೆರಳಿನ ವಿಭೂತಿ, ಬೆನ್ನಿಗೆ ಮೂರು ದಿಂಬು. ಡಬ್ಬಿಯಿಂದ ಸರಬರ ಅನ್ನುವ ಸದ್ದು.

"ಏನ್ ನಡೀತೈತಪಾ ಅಲ್ಲಿ?" ಅಂದರು ಒಬ್ಬ ಯಜಮಾನರು.

"ಹಾರ ಹಾಕ್ತಾ ಇರ್ಬೇಕ್ರಿ."

"ಯಾರು ಯಾರಿಗೆ?"

"ಅದು ಕೇಳಿಸಲ್ರಿ."

"ಹಾರದ ಸದ್ದು ಕೇಳೋಕೆ ನಾನು ಪೇಟ ಸುತ್ತಿಕೊಂಡು ಬಂದೆ ನೋಡು!"

ನಾನು ಕೆಮ್ಮಿ, ನಡೆಯುವುದನ್ನು ಬಾಯಲ್ಲಿ ಹೇಳು ಅಂತ ಹೆಂಡತಿಯ ತಮ್ಮನಿಗೆ ಕೂಗಿದೆ. ಅವನು ಕ್ರಿಕೆಟ್ ಹುಚ್ಚಿನವನು. "ಈಗ ಹುಡುಗನ ಅತ್ತೆ ಎಡಗಡೆಯಿಂದ ತಟ್ಟೆ ಹಿಡ್ಕೊಂಡು ಬರ್ತಾ ಇದಾರೆ, ಸೋದರಮಾವ ಎದುರಿಗೆ, ತಟ್ಟೆ ಕೈ ತಪ್ಪಿತು, ಇಲ್ಲ, ಹಿಡಿದ್ರು!" ಅಂತ ಶುರು ಹಚ್ಚಿದ. ಪಡಸಾಲೆ ನಕ್ಕಿತು. ಹದಿನೈದು ನಿಮಿಷ ಎಲ್ಲ ಚೆನ್ನಾಗಿ ನಡೆಯಿತು. ನನಗೆ ನಾನೇ ಶಾಲು ಹೊದ್ದುಕೊಂಡಷ್ಟು ಖುಷಿ.

ಆಗ ಅವನ ಮಾತಿನ ಹಿಂದಿನಿಂದ ಇನ್ನೊಂದು ದನಿ, ಅಡಿಗೆಯವರದು, ತುಂಡು ತುಂಡಾಗಿ ತೂರಿ ಬಂತು: "...ಳಿಗೆಗೆ ತುಪ್ಪ ಹಾಕ್ರೋ, ಎರಡೆರಡು ಹಾಕ್ರಿ!"

ಹರಿಹರದ ಹಿತ್ತಲಲ್ಲಿ ತಯಾರಾಗುತ್ತಿದ್ದುದು ಮಿರ್ಚಿ, ಮಂಡಕ್ಕಿ. ಊಟ ಮಂಟಪದಲ್ಲಿ ಅಂತ ಮೊದಲೇ ಮಾತಾಗಿತ್ತು. ಮಂಟಪಕ್ಕೆ ಹೋಗದೆ ಕೂತವರಿಗೆ ಏನು ಅಂತ ಯಾರೂ ಯೋಚಿಸಿರಲಿಲ್ಲ. ಪೇಟದ ಯಜಮಾನರು ಎದ್ದರು.

"ಅವರಿಗೆ ಹೋಳಿಗೆ, ನಮಗೆ ಮಂಡಕ್ಕಿನಾ? ನಾವೇನು ಬಸ್ ಸ್ಟ್ಯಾಂಡಿಗೆ ಬಂದೀವೇನಪಾ?"

ನಲವತ್ತು ಜನ ಒಬ್ಬರ ಹಿಂದೆ ಒಬ್ಬರು ಹಿತ್ತಲಿಗೆ ಹೋದರು. ಸಿಟ್ಟಿನಿಂದ ಹೋದರೂ ಮಿರ್ಚಿ ತಿನ್ನೋಕೇ ಹೋದರು, ಆ ಮಾತು ಬೇರೆ. ಇಲ್ಲಿ ಮೂರನೆಯದನ್ನೂ ಹೇಳಿಬಿಡುತ್ತೇನೆ, ವೈರು ಕಡಿಮೆಯಾದರೆ ಗಂಟು ಹಾಕಬಹುದು, ಹೋಳಿಗೆ ಕಡಿಮೆಯಾದರೆ ಯಾವ ಇಂಜಿನಿಯರ್ ಕೈಲೂ ಆಗುವುದಿಲ್ಲ. ಎರಡೂ ಕಡೆ ಒಂದೇ ಊಟ ಹಾಕಿಸಿ.

ಪಡಸಾಲೆಯಲ್ಲಿ ಉಳಿದವರು ಮೂರೇ ಜನ: ಅಜ್ಜಿ, ನಾನು, ಕಿವಿ ಪೂರ್ತಿ ಮಂದವಾಗಿದ್ದ ಅಜ್ಜಿಯ ತಮ್ಮ. ಸರಿಯಾಗಿ ಅದೇ ಹೊತ್ತಿಗೆ ಡಬ್ಬಿಯಲ್ಲಿ ಐನೋರು ಕೆಮ್ಮಿದರು.

"ಅಜ್ಜಿ, ಶರಣು. ಎಲೆ ಅಡಿಕೆ ತಟ್ಟೆ ಎದುರಿಗೈತೆ. ಅದಕ್ಕೂ ಮುಂಚೆ ಹೆಣ್ಣಿನ ಕಡೆಯಿಂದ ಒಂದು ಮಾತು. ಮದುವೆ ಆದ ಮೇಲೆ ಸೊಸೆ ಸಾರಥಿ ಶಾಲೆಗೆ ಕೆಲಸಕ್ಕೆ ಹೋಗಬಹುದಾ? ತಾವು ಹೇಳಿದಂಗೆ."

ಮುನ್ನೂರು ಜನ ಉಸಿರು ಹಿಡಿದದ್ದು ಇಲ್ಲಿಗೂ ಕೇಳುವ ಹಾಗಿತ್ತು. ನಾನು ಡಬ್ಬಿಯನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದೆ. ಅಜ್ಜಿ ಡಬ್ಬಿಯನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಅಂದರು:

"ಊಹೂಂ."

ಅಲ್ಲಿಂದ ಚಪ್ಪಾಳೆ ಸಿಡಿಯಿತು. ಯಾರೋ ಸಿಳ್ಳೆ ಹೊಡೆದರು. ಓಲಗ ಶುರುವಾಯಿತು. ಡಬ್ಬಿ 'ಊ'ವನ್ನು ಹರಿಹರದಲ್ಲೇ ಬಿಟ್ಟು 'ಹೂಂ' ಒಂದನ್ನೇ ದಾವಣಗೆರೆಗೆ ಕಳಿಸಿತ್ತು.

"ಏನಪಾ ಅದು ಚಪ್ಪಾಳೆ?" ಅಂದರು ಅಜ್ಜಿ.

"ನಿಮ್ಮ ಮಾತಿಗೇ ಅಜ್ಜಿ."

"ನನ್ನ ಮಾತಿಗಾ?" ಅಂದರು. ಮುಖ ಅರಳಿತು.

ಸುಳ್ಳು ಹೇಳಲಿಲ್ಲ ನಾನು. ಆಗ ಒಂದು ಕೆಮ್ಮು ಕೆಮ್ಮಿ, "ನಿಲ್ಸ್ರಿ, ಅಜ್ಜಿ ಬ್ಯಾಡ ಅಂದ್ರು" ಅಂತ ಕೂಗಬಹುದಿತ್ತು. ಎಲೆ ಅಡಿಕೆ ಇನ್ನೂ ತಟ್ಟೆಯಲ್ಲೇ ಇತ್ತು. ನಾನು ಏನು ಮಾಡಿದೆ ಗೊತ್ತಾ? ಮುನ್ನೂರು ಜನರ ಊಟ ಲೆಕ್ಕಕ್ಕೆ ಬಂತು, ಎರಡು ಕಡೆಯ ಬೈಗುಳ ಲೆಕ್ಕಕ್ಕೆ ಬಂತು, ನನ್ನ ಅಂಗಡಿಯ ಹೆಸರು ಲೆಕ್ಕಕ್ಕೆ ಬಂತು. ಗುಂಡಿ ಒತ್ತಿದೆ. "ಲೈನ್ ಹೋಯ್ತು ಅಜ್ಜಿ" ಅಂದೆ. ಇದು ಸುಳ್ಳು.

ಸಂಜೆ ಮೊಮ್ಮಗ ಮಂಟಪದಿಂದ ಬಂದು ಅಜ್ಜಿಯ ಕಾಲಿಗೆ ಬಿದ್ದ.

"ದೊಡ್ಡ ಮನಸು ಮಾಡಿದ್ರಿ ಅಜ್ಜಿ."

"ನನ್ನ ಮಾತು ನಡೀತಲ್ಲ, ಅಷ್ಟು ಸಾಕು" ಅಂದರು ಅಜ್ಜಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಬೆನ್ನು ತಿರುಗಿಸಿಕೊಂಡು ವೈರು ಸುತ್ತುತ್ತಿದ್ದೆ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದೆ.

ಹುಡುಗಿ ಮರುವಾರವೇ ಸಾರಥಿಗೆ ಹೋಗಿ ಕೆಲಸಕ್ಕೆ ಸೇರಿದಳು. ಬಸ್ಸಿಗೆ ಹೋಗುವಾಗ ಅಂಗಡಿಯ ಮುಂದೆ ನಿಂತು, "ಥ್ಯಾಂಕ್ಸ್ ಅಣ್ಣಾ, ಅಜ್ಜಿ ದನಿ ಗಂಟೆ ಹೊಡೆದಂಗೆ ಕೇಳಿಸ್ತು" ಅಂದಳು. ನಾನು ಕುರ್ಚಿ ಎಣಿಸುತ್ತಿರುವವನ ಹಾಗೆ ಮಾಡಿದೆ.

ಹತ್ತು ದಿನ ಕಳೆಯಿತು. ಹರಿಹರದ ಅಂಗಡಿಗೆ ಜೋಳ ಹಾಕೋಕೆ ಬಂದ ಸಾರಥಿಯ ರೈತರೊಬ್ಬರು ಅಜ್ಜಿಯನ್ನು ಮಾತಾಡಿಸಿಕೊಂಡು ಹೋಗೋಣ ಅಂತ ಪಡಸಾಲೆಗೆ ಬಂದಿದ್ದರಂತೆ. "ನಿಮ್ಮ ಮನೆಗೆ ಬರೋ ಸೊಸೆ ನಮ್ಮ ಹುಡುಗ್ರಿಗೆ ಮಗ್ಗಿ ಭಾಳ ಚೆಂದ ಹೇಳಿಕೊಡ್ತಾಳ್ರಿ" ಅಂದರಂತೆ. ಮಾರನೇ ದಿನ ನನಗೆ ಬುಲಾವ್ ಬಂತು: ಭಾನುವಾರ ಬರಬೇಕು. ಹುಡುಗಿಗೂ ಹೇಳಿ ಕಳಿಸಿದ್ದರು.

ನಾನು ಕೈಬೀಸಿಕೊಂಡು ಹೋಗುವವನಲ್ಲ. ಪ್ರತಿ ಕಾರ್ಯಕ್ರಮವನ್ನೂ ಕ್ಯಾಸೆಟ್‌ಗೆ ಇಳಿಸಿ ಮನೆಯವರಿಗೆ ಕೊಡುವುದು ನಮ್ಮ ಪದ್ಧತಿ. ಮಂಟಪದಲ್ಲಿ ಇಳಿಸಿದ ಕ್ಯಾಸೆಟ್ ನನ್ನ ಹತ್ತಿರವೇ ಇತ್ತು. ಅದರಲ್ಲಿ ಹೂಂ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಟೇಪ್ ರೆಕಾರ್ಡರ್ ಸಮೇತ ಹೋದೆ.

ಅಜ್ಜಿಯ ಮಂಚದ ಒಂದು ಕಡೆ ಹುಡುಗಿ, ಇನ್ನೊಂದು ಕಡೆ ನಾನು. ಬಾಗಿಲು ಮುಂದಕ್ಕೆ ಹಾಕಿಸಿದರು. ನಾನು ಕ್ಯಾಸೆಟ್ ಹಾಕಿದೆ. ಐನೋರ ಪ್ರಶ್ನೆ, ಮೌನ, "ಹೂಂ", ಚಪ್ಪಾಳೆ.

"ಇನ್ನೊಂದ್ಸಲ ಹಾಕು."

ಹಾಕಿದೆ.

"ಮತ್ತೊಂದ್ಸಲ."

ಮೂರನೇ ಸಲ ಕೇಳಿ ಅಜ್ಜಿ ಟೇಪಿನ ಕಡೆ ಬೆರಳು ತೋರಿಸಿದರು. "ದನಿ ನಂದು. ಮಾತು ನಂದಲ್ಲ. ನಾನು ಅಂದಿದ್ದು ಊಹೂಂ. ನೀನು ಮುಂದೇ ಕೂತಿದ್ದಿ. ಕೇಳಿಸ್ತೋ ಇಲ್ಲೋ?"

ನನ್ನ ಬಾಯಲ್ಲಿ ಮಾತು ತಯಾರಾಗಿಯೇ ಇತ್ತು. ಲೈನು, ಡಬ್ಬಿ, ದುಬೈ, ಎಲ್ಲ. ಆದರೆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೇಳಿಸ್ತು ಅಜ್ಜಿ" ಅಂದೆ.

ಹುಡುಗಿ ಕೂಗಾಡಲಿಲ್ಲ. "ನಾನು ನಿಮಗೆ ಏನ್ ಕೇಳಿದ್ದೆ ಅಣ್ಣಾ?" ಅಂದಳು. "ಹೂಂ ಕೊಡಿಸ್ರಿ ಅಂದಿದ್ನಾ? ಸರಿಯಾಗಿ ಕೇಳಿಸ್ರಿ ಅಂದಿದ್ದೆ."

ನನ್ನ ಜೀವಮಾನದಲ್ಲಿ ಚೌಕಾಸಿಗೆ ಜಾಗ ಇಲ್ಲದ ಮಾತು ಅದೊಂದೇ ಕೇಳಿದ್ದು.

ಆಮೇಲೆ ಅವಳು ಅಜ್ಜಿಯ ಕಡೆ ತಿರುಗಿದಳು. "ಯಾಕ್ ಅಜ್ಜಿ ಊಹೂಂ ಅಂದ್ರಿ?"

"ಮತ್ತೇನನ್ಲಿ? ನಿನ್ನ ಮುಖ ನೋಡಿರ್ಲಿಲ್ಲ, ದನಿ ಕೇಳಿರ್ಲಿಲ್ಲ. ಡಬ್ಬಿಯೊಳಗಿಂದ ಐನೋರು ಕೇಳ್ತಾರೆ, ಡಬ್ಬಿಗೇ ಹೇಳ್ಬೇಕು. ನನ್ನ ಗಂಡ ಇದ್ದಾಗ ಅಂಗಡಿಯಲ್ಲಿ ಕೂತವಳು ನಾನು. ಮೊದಲ ಸಲ ಬಂದ ಗಿರಾಕಿಗೆ ಊಹೂಂ ಅನ್ನೋದೇ ನನಗೆ ಗೊತ್ತು. ಬೇಕಾದವನು ತಿರುಗಿ ಬರ್ತಾನೆ. ನೀವು ಯಾರೂ ಬರ್ಲಿಲ್ಲ. ಚಪ್ಪಾಳೆ ಹೊಡೆದು ಹೋಳಿಗೆ ತಿಂದ್ರಿ."

ನಾನು ಬೆರಗಾಗಿ ನೋಡಿದೆ. ಇಪ್ಪತ್ತು ವರ್ಷ ಚೌಕಾಸಿ ಮಾಡಿದವನಿಗೆ ಆ ಊಹೂಂ ಮೊದಲ ರೇಟು ಅಂತ ಹೊಳೆಯಲೇ ಇಲ್ಲ!

"ಈಗ ಬಂದೀನಿ" ಅಂದಳು ಹುಡುಗಿ.

"ಬಂದಿ. ಆದ್ರೆ ಆಡಿದ ಮಾತು ಹಿಂದಕ್ಕೆ ತಗೊಳ್ಳೋಳಲ್ಲ ನಾನು. ಅವತ್ತು ಊಹೂಂ, ಇವತ್ತೂ ಊಹೂಂ."

ನಾನು ಮಧ್ಯೆ ಬಾಯಿ ಹಾಕೋಕೆ ಹೋದೆ, ಹುಡುಗಿ ಕೈ ಎತ್ತಿ ನಿಲ್ಲಿಸಿದಳು. ಎರಡನೇ ಕ್ಲಾಸಿನವರನ್ನು ನಿಲ್ಲಿಸುವ ಕೈ ಅದು.

"ಹಿಂದಕ್ಕೆ ತಗೋಬ್ಯಾಡ್ರಿ ಅಜ್ಜಿ. ಊಹೂಂ ಅಂತಾನೇ ಅನ್ರಿ. ಪ್ರಶ್ನೆ ನಂದು ನಾನೇ ಕೇಳ್ತೀನಿ." ಅವಳು ಮಂಚಕ್ಕೆ ಇನ್ನಷ್ಟು ಹತ್ತಿರ ಸರಿದಳು. "ಮದುವೆ ಆದ ಮೇಲೆ ನಾನು ಶಾಲೆ ಬಿಡಬೇಕಾ?"

ಅಜ್ಜಿ ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

"ಎಷ್ಟು ಹುಡುಗ್ರು ಅದಾವೆ ಶಾಲೇಲಿ?"

"ನನ್ನ ಕ್ಲಾಸಿನಲ್ಲಿ ಮೂವತ್ತೊಂದು."

"ಹೆಣ್ಣು ಹುಡುಗ್ರು?"

"ಹನ್ನೊಂದು. ಕಟಾವು ಬಂದ್ರೆ ನಾಲ್ಕು, ಹೋದ ವರ್ಷದ ಹಾಜರಿ ನೋಡೀನಿ."

"ಕಟಾವಿನಾಗೆ ಮನೆಮನೆಗೆ ಹೋಗಿ ಕರ್ಕೊಂಡು ಬರ್ತೀಯಾ?"

"ಹೋಗ್ತೀನಿ."

ಅಜ್ಜಿ ದಿಂಬಿಗೆ ಒರಗಿದರು. ತಲೆಯನ್ನು ಎಡಕ್ಕೆ ಆಡಿಸಿದರು, ಬಲಕ್ಕೆ ಆಡಿಸಿದರು. "ಊಹೂಂ" ಅಂದರು. "ಬಿಡಬ್ಯಾಡ."

ಹುಡುಗಿಯ ಕಣ್ಣು ತುಂಬಿದವು. ಅಜ್ಜಿ ನನ್ನ ಕಡೆ ತಿರುಗಿ, "ಚಪ್ಪಾಳೆ ಹೊಡಿಯಪಾ, ಈಗ ಯಾಕ ಸುಮ್ನೆ ಕೂತಿ?" ಅಂದರು. ನಾನು ಹೊಡೆದೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನೇ ಹೊಡೆಯುವ ಚಪ್ಪಾಳೆ ಎಷ್ಟು ಹೊತ್ತು ಹೊಡೆಯಬೇಕು ಅಂತ ತಿಳಿಯದೆ ಹೊಡೆಯುತ್ತಲೇ ಇದ್ದೆ.

ಮದುವೆ ಶ್ರಾವಣ ಕಳೆದ ಮೇಲೆ ಗೊತ್ತಾಯಿತು. ಶಾಮಿಯಾನ, ಸೆಟ್ಟಿನ ಮಾತಿಗೆ ಹುಡುಗಿಯ ತಂದೆ ಬರಬಹುದು ಅಂತ ಕಾದೆ. ರಿಯಾಯಿತಿ ಎಷ್ಟು ಕೊಡಬೇಕು ಅಂತ ಮನಸ್ಸಿನಲ್ಲೇ ಹಾಕಿಟ್ಟಿದ್ದೆ. ಅವರು ಬರಲಿಲ್ಲ, ಹುಡುಗಿ ಬಂದಳು, ಲಗ್ನಪತ್ರಿಕೆ ಹಿಡಿದುಕೊಂಡು. ನಾನು ಕುರ್ಚಿ ಒರೆಸಿ ಕೊಟ್ಟು, "ಸೆಟ್ ಎಷ್ಟು ಬೇಕಾಗ್ತದೆ ತಂಗಿ, ಎರಡು ಕಡೆಗಾ?" ಅಂದೆ.

ಅವಳು ಪತ್ರಿಕೆಗೆ ಅರಿಶಿನ ಹಚ್ಚಿ ನನ್ನ ಕೈಗೆ ಕೊಟ್ಟಳು. "ಅಜ್ಜೀನ ಕುರ್ಚಿ ಸಮೇತ ಹೊತ್ಕೊಂಡು ಬರ್ತೀವಿ. ನೀವು ಅತ್ತಿಗೇನ ಕರ್ಕೊಂಡು ಊಟಕ್ಕೆ ಬರ್ರಿ ಅಣ್ಣಾ. ಸಾಮಾನು ಬ್ಯಾಡ."

ಹೋದೆವು. ಸೆಟ್ಟು ಇನ್ನೊಬ್ಬರದು. ಮೈಕ್ ಕೂಗುತ್ತಲೇ ಇತ್ತು, ನಾನು ಹೋಳಿಗೆ ತಿಂದೆ.